ಧಕ್ಕೆಯಲ್ಲಿ ಓದಿದ ವರದಿ

ನಮ್ಮ ದ್ವೀಪದ ಎದುರಿಗೆ ಪ್ರತಿ ಗುರುವಾರ ಇನ್ನೊಂದು ದ್ವೀಪ ಮೇಲೇಳುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಎದ್ದು, ಮೂರು ತಾಸೋ ನಾಲ್ಕು ತಾಸೋ ಬಿಸಿಲು ಕಾಯಿಸಿಕೊಂಡು, ಮತ್ತೆ ಮುಳುಗುತ್ತದೆ. ನಾವು ಅದನ್ನು ತಂಗಿ ಎಂದು ಕರೆಯುತ್ತೇವೆ. ಒಂದು ವಾರ ಬಾಳೆಲೆಯ ಹಾಗೆ ಉದ್ದಕ್ಕಿದ್ದರೆ ಇನ್ನೊಂದು ವಾರ ಅಕ್ಕಿ ಕೇರುವ ಗೆರಸೆಯ ಹಾಗೆ ಗುಂಡಗಿರುತ್ತದೆ. ಸರ್ವೆಯವರು ಮೂರು ಸಲ ಅಳೆದು, ಮೂರು ನಕ್ಷೆ ಬರೆದು, ಕೊನೆಗೆ ಮೂರನ್ನೂ ಮಡಚಿ ಕಪಾಟಿಗೆ ಹಾಕಿ ಸುಮ್ಮನಾದರು. ಊರಿನವರಿಗೆ ಅದರ ಬಗ್ಗೆ ಬೆರಗೇನೂ ಉಳಿದಿಲ್ಲ. ಗುರುವಾರ ಶಾಲೆಗೆ ರಜೆ, ಭಾನುವಾರ ಪಾಠ. ಹಪ್ಪಳ ಒಣಗಿಸುವ ಹೆಂಗಸರು ಮೊದಲ ದೋಣಿಯಲ್ಲೇ ಹೋಗಿ ಜಾಗ ಹಿಡಿಯುತ್ತಾರೆ. ಅಲ್ಲಿನ ಮರಳು ಎದ್ದ ಅರ್ಧ ಗಂಟೆಯಲ್ಲಿ ಬಾಣಲೆಯಂತೆ ಕಾದಿರುತ್ತದೆ. ಬೆರಗುಪಡುವುದಕ್ಕೆ ಪ್ರವಾಸಿಗಳಿದ್ದಾರೆ. ಅವರು ಹಡಗು ತುಂಬಿ ಬರುತ್ತಾರೆ, ಅವರು ಬರುವುದರಿಂದಲೇ ನಮ್ಮ ಈ ಪುಟ್ಟ ದ್ವೀಪದೇಶ ನಡೆಯುತ್ತದೆ. ನಮ್ಮಲ್ಲಿ ಗದ್ದೆ ಕಡಿಮೆ, ಕಾರ್ಖಾನೆ ಇಲ್ಲವೇ ಇಲ್ಲ. ಇರುವುದು ಹೋಟೆಲುಗಳು, ದೋಣಿಗಳು, ಹಾಸಿಗೆ ಬಟ್ಟೆ ಒಗೆಯುವ ಕೊಟ್ಟಿಗೆಗಳು, ಎಳನೀರಿನ ಅಂಗಡಿಗಳು.

ತಂಗಿ ಯಾವಾಗ ಮುಳುಗುತ್ತಾಳೆ ಎನ್ನುವುದನ್ನು ಗಡಿಯಾರ ಹೇಳುವುದಿಲ್ಲ. ಅದನ್ನು ಹೇಳುವವರು ಕಾವಲಿನವರು. ನಾಲ್ಕು ಮೂಲೆಗೆ ನಾಲ್ವರು ಬರಿಗಾಲನ್ನು ಮರಳಿನಲ್ಲಿ ಹುಗಿದು ಕೂತಿರುತ್ತಾರೆ. ಮುಳುಗುವ ಕಾಲು ಗಂಟೆ ಮೊದಲು ಯಾವುದೋ ಒಂದು ಮೂಲೆಯ ಮರಳು ಒಳಗಿನಿಂದ ತಣ್ಣಗಾಗುತ್ತದೆ. ಆ ಮೂಲೆಯವನು ಜಾಗಟೆ ಬಾರಿಸುತ್ತಾನೆ, ಜನ ದೋಣಿ ಹತ್ತುತ್ತಾರೆ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ ನಡೆದಿತ್ತು. ಒಬ್ಬರ ಕೂದಲೂ ಕೊಂಕಿರಲಿಲ್ಲ.

ನಾನು ಹೇಳಹೊರಟಿರುವುದು ವಾರಿಜಕ್ಕನ ವಿಷಯ. ದೋಣಿಯವರು, ಕಾವಲಿನವರು, ಹೋಟೆಲಿನ ಕೆಲಸದವರು ಎಲ್ಲರೂ ಸೇರಿದ ಸಂಘಕ್ಕೆ ಹದಿನಾಲ್ಕು ವರ್ಷ ಆಕೆಯೇ ಕಾರ್ಯದರ್ಶಿ. ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದವಳು. ಸೋಡಾದ ನೀರಿನಲ್ಲಿ ಬೆಂದ ಕೈಗಳು ಮೊಣಕೈವರೆಗೆ ಬಿಳಿಚಿಕೊಂಡಿದ್ದವು. ಕುಳ್ಳು, ಗಟ್ಟಿಮೈ, ನಡೆದರೆ ಸೀರೆಯ ನೆರಿಗೆ ಸದ್ದು ಮಾಡುವಷ್ಟು ಬಿರುಸು. ಸಭೆಯಲ್ಲಿ ಕೂಗಿ ಮಾತಾಡಿದ್ದನ್ನು ನಾನು ನೋಡಿಲ್ಲ. ಎದುರಿಗಿರುವವರು ಕೂಗಾಡುವಾಗ ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುವಳು, ಅವರ ಉಸಿರು ಮುಗಿದ ಮೇಲೆ, "ಆಯ್ತಲ್ಲ? ಈಗ ವಿಷಯಕ್ಕೆ ಬರುವ" ಎನ್ನುವಳು. ಮಂತ್ರಿಗಳಿಗೂ ಹಾಗೇ, ಹೋಟೆಲು ಮಾಲೀಕರಿಗೂ ಹಾಗೇ.

ಅವಘಡವಾದದ್ದು ಎರಡು ವರ್ಷದ ಹಿಂದೆ, ಹಂಗಾಮಿನ ಕೊನೆಯ ಗುರುವಾರ. ಆ ಹೊತ್ತಿಗೆ ಕಾವಲಿಗೆ ನಾಲ್ವರ ಬದಲು ಇಬ್ಬರೇ ಇದ್ದರು. ಪ್ರವಾಸ ಇಲಾಖೆ ಹಿಂದಿನ ವರ್ಷವೇ ಕಡಿತ ಮಾಡಿತ್ತು. ಆ ದಿನ ತಂಗಿ ತಣ್ಣಗಾಗತೊಡಗಿದ್ದು ಯಾರೂ ಇಲ್ಲದ ದಕ್ಷಿಣದ ಮೂಲೆಯಲ್ಲಿ. ಜಾಗಟೆ ಬಾರಿಸುವ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿತ್ತು. ತನಿಯಪ್ಪನೆಂಬ ದೋಣಿಯವನು ಹನ್ನೊಂದು ಮಂದಿಯನ್ನು ಹತ್ತಿಸಿ, ಕಾಲು ಬಾರದ ಒಬ್ಬ ಮುದುಕಿ ಹಿಂದೆ ಉಳಿದಿದ್ದಾಳೆಂದು ಮತ್ತೆ ಇಳಿದ. ಮುದುಕಿಯನ್ನು ಎತ್ತಿ ಇನ್ನೊಂದು ದೋಣಿಯವರ ಕೈಗೆ ಕೊಟ್ಟ. ಅವನ ಕಾಲಡಿಯ ಮರಳು ಹೋಯಿತು. ಮೂರು ದಿನದ ಮೇಲೆ ಅವನು ಸಿಕ್ಕಿದ್ದು ಉತ್ತರದ ಬಂಡೆಗಳ ಹತ್ತಿರ.

ಸರಕಾರ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸಿತು. ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಂಡು, ವರದಿಯನ್ನು ಟೈಪು ಮಾಡಿದವನು ಸರಕಾರಿ ಕಚೇರಿಯ ಗುಮಾಸ್ತನಾದ ನಾನು. ಆರು ತಿಂಗಳ ವಿಚಾರಣೆ, ಅರವತ್ತು ಪುಟದ ವರದಿ. ಕಾನೂನಿನ ಪ್ರಕಾರ ಒಂದು ತಿಂಗಳಲ್ಲಿ ಅದನ್ನು ಜನರ ಮುಂದೆ ಇಡಬೇಕು. ಪ್ರವಾಸ ಮಂತ್ರಿ ವಿಠೋಬರಾಯರು ಅದನ್ನು ತಮ್ಮ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೇಳಿದವರಿಗೆಲ್ಲ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಎಂಟು ತಿಂಗಳು ಹೀಗೇ ಹೋಯಿತು. ತನಿಯಪ್ಪನ ಹೆಂಡತಿ ಸೇಸಿ ದೋಣಿ ಕಟ್ಟುವ ಧಕ್ಕೆಯ ಬಾಯಲ್ಲೇ ಎಳನೀರು ಮಾರುತ್ತಿದ್ದಳು. ಮಂತ್ರಿಗಳ ಕಾರು ಅಲ್ಲಿ ಹಾದುಹೋಗುವಾಗಲೆಲ್ಲ ಕತ್ತಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. ಕಾರು ನಿಲ್ಲುತ್ತಿರಲಿಲ್ಲ.

ಹೊಸ ಹಂಗಾಮು ಶುರುವಾಗುವ ವಾರ ಸಂಘ ಮುಷ್ಕರ ಹೂಡಿತು. ದೋಣಿಗಳನ್ನೆಲ್ಲ ಧಕ್ಕೆಗೆ ಕಟ್ಟಿ, ಚಾಪೆ ಹಾಸಿ ಕೂತರು. ಬೇಡಿಕೆ ಒಂದೇ. ವರದಿಯನ್ನು ಧಕ್ಕೆಯಲ್ಲಿ ಎಲ್ಲರ ಎದುರು ಓದಬೇಕು, ಮಂತ್ರಿಗಳೇ ನಿಂತು ಓದಬೇಕು. ಸಂಘದೊಳಗೇ ಕೆಲವರಿಗೆ ಇದು ರುಚಿಸಲಿಲ್ಲ. ಸಾಲು ಪರ್ಬು ಎಂಬ ದೋಣಿಯವನು, ಮೂವತ್ತರ ಪ್ರಾಯ, ಬಿಸಿ ರಕ್ತ, ನನ್ನ ಎದುರಿಗೇ ಹೇಳಿದ: "ಅಕ್ಕಾ, ಇಷ್ಟೆಲ್ಲ ಯಾಕೆ? ಟೈಪು ಮಾಡಿದ ರೈಟರ್ರು ಇಲ್ಲೇ ಉಂಟಲ್ಲ. ಅವ್ರ ಹತ್ರ ಒಂದು ಪ್ರತಿ ಇರ್ಲಿಕ್ಕೇ ಬೇಕು. ತಗೊಂಡು ಊರೆಲ್ಲ ಅಂಟಿಸಿಬಿಡುವ."

ಪ್ರತಿ ನನ್ನ ಹತ್ತಿರ ಇತ್ತು. ಮನೆಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ. ವಾರಿಜಕ್ಕ ನನ್ನ ಮುಖ ನೋಡಿದಳು. ನನ್ನ ಕಿವಿ ಬಿಸಿಯಾಯಿತು. ಆಕೆಗೆ ಆ ಕ್ಷಣವೇ ತಿಳಿದಿರಬೇಕು. ಆದರೂ ಹೇಳಿದ್ದು ಇಷ್ಟೇ: "ಬೇಡ. ರೈಟರ್ರ ಕೆಲಸ ಕಳೆದು ನಾವು ವರದಿ ತರುದಲ್ಲ. ಕದ್ದು ತಂದದ್ದನ್ನ ಅವ್ರು ಸುಳ್ಳು ಅಂತಾರೆ, ಅಲ್ಲಿಗೆ ಮುಗೀತು. ಕೊಡಬೇಕಾದವ್ರು ಕೊಡಬೇಕು ಸಾಲು. ಅವ್ರ ಬಾಯಲ್ಲೇ ಬರಬೇಕು."

ಮುಷ್ಕರದ ಎಂಟನೇ ದಿನ ಮಂತ್ರಿಗಳು ಆಕೆಯನ್ನು ಕಚೇರಿಗೆ ಕರೆಸಿದರು. ಮಾತುಕತೆ ಬರೆದುಕೊಳ್ಳಲು ನನ್ನನ್ನೂ ಕೂರಿಸಿದರು. ವಿಠೋಬರಾಯರು ಕೆಟ್ಟವರಲ್ಲ. ನಗು ಮುಖ, ಎಲ್ಲರ ಮನೆಯ ಮದುವೆಗೂ ಹೋಗುವವರು. ಕಾಫಿ ತರಿಸಿದರು. ದೇಶದ ಸ್ಥಿತಿ ಹೇಳಿದರು, ಹೋಟೆಲುಗಳು ಖಾಲಿ ಬಿದ್ದಿರುವುದನ್ನು ಹೇಳಿದರು. ವಾರಿಜಕ್ಕ ತಲೆ ವಾಲಿಸಿ ಕೇಳಿಸಿಕೊಂಡಳು. ಕೊನೆಗೆ ಅವರು ನನಗೆ ಕೈ ಸನ್ನೆ ಮಾಡಿ, "ಇದನ್ನ ಬರೀಬೇಡಿ" ಎಂದು ಮುಂದಕ್ಕೆ ಬಾಗಿದರು. "ವಾರಿಜಮ್ಮ, ನಿಮ್ಮ ಒಳ್ಳೇದಕ್ಕೇ ಹೇಳುದು. ವರದಿ ಹೊರಗೆ ಬಂದ್ರೆ ನಮ್ಮ ಮುಖಕ್ಕೆ ಮಾತ್ರ ಮಸಿ ಅಂದ್ಕೊಂಡಿದ್ದೀರಾ? ನಿಮ್ಮ ಮುಖವೂ ಉಳಿಯುದಿಲ್ಲ. ನಲವತ್ತೊಂದನೇ ಪುಟದಲ್ಲಿ ಯಾರ ಹೆಸರುಂಟು ಗೊತ್ತುಂಟಾ?"

ನನಗೆ ಗೊತ್ತಿತ್ತು. ನಾನೇ ಬೆರಳಿಂದ ಕುಟ್ಟಿದ ಸಾಲು. ಕಾವಲಿನವರನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದ ಒಪ್ಪಂದಕ್ಕೆ ಇಲಾಖೆಯ ಪರವಾಗಿ ಮಂತ್ರಿಗಳು, ಸಂಘದ ಪರವಾಗಿ ವಾರಿಜಕ್ಕ ಸಹಿ ಹಾಕಿದ್ದರು. ಅದಕ್ಕೆ ಬದಲಾಗಿ ಬಟ್ಟೆ ಒಗೆಯುವ ಮೂವತ್ತು ಹೆಂಗಸರಿಗೆ ಮಳೆಗಾಲದಲ್ಲೂ ಕೆಲಸ ಸಿಕ್ಕಿತ್ತು. ಮುಚ್ಚಿದ ಬಾಗಿಲೊಳಗೆ ಆದ ಒಪ್ಪಂದ. ಸಂಘದವರಿಗೆ ಕಡಿತ ಸರಕಾರದ್ದೆಂದು ಗೊತ್ತಿತ್ತೇ ಹೊರತು ಸಹಿಯ ಸಂಗತಿ ಗೊತ್ತಿರಲಿಲ್ಲ. ಈ ಹೆಂಗಸು ತನ್ನ ಹೆಸರಿರುವುದು ತಿಳಿಯದೆ ಬೆಂಕಿಗೆ ಕೈ ಹಾಕಿದ್ದಾಳೆ ಎಂದು ನಾನು ಅಷ್ಟು ದಿನವೂ ಒಳಗೊಳಗೇ ಕೊರಗಿದ್ದೆ.

ವಾರಿಜಕ್ಕ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟಳು. "ಸಹಿ ಹಾಕಿದವಳಿಗೆ ಗೊತ್ತಿರುದಿಲ್ವಾ ಸ್ವಾಮಿ? ಅದನ್ನೂ ಸೇರಿಸಿಯೇ ಓದಿ ಅಂತ ನಾವು ಕೇಳುದು."

ಹೇಳಿ ಎದ್ದು ಹೊರಟಳು. ಮೆಟ್ಟಿಲಿಳಿಯುವಾಗ ನಾನು ಆಕೆಯ ಹಿಂದೆ ಓಡಿದೆ. "ಅಕ್ಕ, ಸೇಸಿಗೆ ಗೊತ್ತುಂಟಾ?" ಎಂದೆ. ಅಷ್ಟು ಹೊತ್ತು ಕಲ್ಲಿನಂತಿದ್ದ ಮುಖ ಒಮ್ಮೆಲೇ ಬಾಡಿತು. "ಇಲ್ಲ ರೈಟರ್ರೇ. ಹೇಳ್ಬೇಕಂತ ಅವಳ ಮನೆವರೆಗೆ ಹೋದದ್ದು ಎಷ್ಟು ಸಲ! ಅವಳು ಕಾಲಿಗೆ ನೀರು ಕೊಡ್ತಾಳೆ, ನಂಗೆ ನಾಲಗೆ ಏಳುದಿಲ್ಲ. ಮೂವತ್ತು ಜನಕ್ಕೆ ಊಟ ಆಗ್ತದೆ ಅಂತ ಹಾಕಿದ ಸಹಿ. ತಂಗಿ ಹೇಗೂ ಯಾವತ್ತೂ ಮೋಸ ಮಾಡ್ಲಿಲ್ಲಲ್ಲ ಅಂದ್ಕೊಂಡೆ. ಅದು ತಪ್ಪು. ತಪ್ಪನ್ನ ಅವ್ರೊಬ್ಬರೇ ಮಾಡಿದ್ದಲ್ಲ ಅಂತಲೂ ಆಗ್ಬೇಕು, ನಾನೊಬ್ಬಳೇ ಮಾಡಿದ್ದಲ್ಲ ಅಂತಲೂ ಆಗ್ಬೇಕು. ಹಾಗೆ ಆಗ್ಬೇಕಾದ್ರೆ ಪೂರ್ತಿ ಓದ್ಬೇಕು." ಹೀಗೆ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಧಕ್ಕೆಯ ದಾರಿ ಹಿಡಿದಳು.

ಸರಕಾರ ಸುಮ್ಮನಿರಲಿಲ್ಲ. ದೂರದ ದ್ವೀಪಗಳಿಂದ ಮೋಟಾರು ದೋಣಿಗಳನ್ನೂ ಅವುಗಳನ್ನು ನಡೆಸುವವರನ್ನೂ ಕರೆಸಿತು. ಮುಷ್ಕರದ ಹತ್ತೊಂಬತ್ತನೇ ದಿನ, ಗುರುವಾರ, ಪೊಲೀಸರ ಕಾವಲಿನಲ್ಲಿ ಐದು ಮೋಟಾರು ದೋಣಿಗಳು ಮೂವತ್ತೇಳು ಪ್ರವಾಸಿಗಳನ್ನು ತಂಗಿಗೆ ಕರೆದೊಯ್ದವು. ಜಾಗಟೆಯೂ ಹೋಗಲಿಲ್ಲ, ಬರಿಗಾಲಿನವರೂ ಹೋಗಲಿಲ್ಲ. ಬದಲಿಗೆ ಇಲಾಖೆಯ ಅಧಿಕಾರಿಯೊಬ್ಬರು ಕೈಗಡಿಯಾರ ನೋಡುತ್ತ ಬೂಟು ಕಾಲಲ್ಲಿ ನಿಂತಿದ್ದರು. ಚಾಪೆಯ ಮೇಲೆ ಕೂತವರು ಅವರು ಹೋಗುವುದನ್ನು ನೋಡಿದರು. ಸಾಲು ಪರ್ಬು ಹಲ್ಲು ಕಡಿದ. ವಾರಿಜಕ್ಕ ಮಾತ್ರ ಅತ್ತಿತ್ತ ಕಣ್ಣು ತೆಗೆಯದೆ ತಂಗಿಯನ್ನೇ ನೋಡುತ್ತ ಕೂತಳು.

ಮಧ್ಯಾಹ್ನ ಒಂದು ಗಂಟೆಯಾಗಿರಬೇಕು. ಕಾವಲಿನ ಹಿರಿಯ ಬಾಬಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು, "ಪಶ್ಚಿಮದ ಬದಿ ಮರಳಿನ ಬಣ್ಣ ತಿರುಗಿತು, ತಣ್ಣಗಾಗ್ತಾ ಉಂಟು" ಎಂದ. ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ಅಲ್ಲಿ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೋಟಾರು ದೋಣಿಗಳು ನೆರಳಿಗೆಂದು ತಂಗಿಯ ಆಚೆ ಬದಿಯಲ್ಲಿದ್ದ ಬಂಡೆಯ ಮರೆಗೆ ಹೋಗಿದ್ದವು.

ವಾರಿಜಕ್ಕ ಎದ್ದು ನಿಂತಳು. "ಹಗ್ಗ ಬಿಚ್ಚಿ" ಎಂದಳು.

"ಹತ್ತೊಂಬತ್ತು ದಿನ ಕೂತದ್ದು ಇದಕ್ಕಾ?" ಸಾಲು ಕೂಗಿದ. "ಮುಳುಗ್ಲಿ ಅಂತ ನಾನು ಹೇಳುದಿಲ್ಲ. ಆದ್ರೆ ಸರಕಾರದವ್ರೇ ಕರ್ಕೊಂಡು ಹೋದದ್ದು, ಸರಕಾರದವ್ರೇ ತರ್ಲಿ. ನಾವು ಈಗ ಹೋದ್ರೆ ನಾಳೆ ಅವ್ರು ಹೇಳ್ತಾರೆ, ನೋಡಿ, ಮುಷ್ಕರ ಮುಗೀತು ಅಂತ."

"ಹೇಳ್ಲಿ. ಮುಷ್ಕರ ಮಾಡಿದ್ದು ಜನ ಸಾಯಬಾರದು ಅಂತ ಅಲ್ವಾ ಮಾರಾಯ? ಅಲ್ಲಿ ಜನ ಸತ್ತ ಮೇಲೆ ನಾವು ಇಲ್ಲಿ ಕೂತು ಕೇಳುದು ಎಂತ?" ಹೀಗೆ ಹೇಳುತ್ತಲೇ ಆಕೆ ಮೊದಲ ದೋಣಿಯ ಹಗ್ಗ ಬಿಚ್ಚಿ ಆಗಿತ್ತು. ಅದು ಸಾಲುವಿನದೇ ದೋಣಿ. ಅವನು ಓಡಿ ಹೋಗಿ ಹುಟ್ಟು ಹಿಡಿದ.

ಹದಿನಾಲ್ಕು ದೋಣಿಗಳು ಹೋದವು. ಬಾಬಣ್ಣ ಮುಂದಿನ ದೋಣಿಯಲ್ಲಿ ನಿಂತು ಜಾಗಟೆ ಬಾರಿಸಿದ್ದು ಊರಿಗೆಲ್ಲ ಕೇಳಿಸಿತು. ಸದ್ದಿಗೆ ಪ್ರವಾಸಿಗಳು ತಿರುಗಿ ನೋಡಿದರು, ಅಷ್ಟರಲ್ಲಿ ಅವರ ಕಾಲಿಗೆ ನೀರು ತಾಕಿತ್ತು. ಮೋಟಾರು ದೋಣಿಯವರಲ್ಲಿ ಇಬ್ಬರು ದಿಕ್ಕು ತಪ್ಪಿ ಮರಳಿಗೆ ಏರಿಸಿ ಸಿಕ್ಕಿಹಾಕಿಕೊಂಡರು. ನಮ್ಮವರು ಮೊದಲು ಮಕ್ಕಳನ್ನು, ಆಮೇಲೆ ಹೆಂಗಸರನ್ನು, ಆಮೇಲೆ ಉಳಿದವರನ್ನು ಎತ್ತಿ ಹಾಕಿದರು. ಹೊರಗಿನಿಂದ ಬಂದ ಚಾಲಕರನ್ನೂ ಬಿಡಲಿಲ್ಲ. ಎಲ್ಲರಿಗಿಂತ ಕೊನೆಗೆ ಹತ್ತಿದವರು ಬೂಟಿನ ಅಧಿಕಾರಿ. ಅವರನ್ನು ರಟ್ಟೆ ಹಿಡಿದು ಎಳೆದುಕೊಂಡದ್ದು ಸಾಲು ಪರ್ಬು. ಮೂವತ್ತೇಳು ಪ್ರವಾಸಿಗಳೂ ಧಕ್ಕೆಯ ಮೆಟ್ಟಿಲು ಹತ್ತಿದರು. ಸೇಸಿ ಒಬ್ಬೊಬ್ಬರ ಕೈಗೂ ಎಳನೀರು ಕೆತ್ತಿ ಕೊಟ್ಟಳು. ಅವರು ನಡುಗುತ್ತ ಕುಡಿಯುವಾಗ ನಮ್ಮವರು ದೋಣಿಗಳನ್ನು ಮತ್ತೆ ಸಾಲಾಗಿ ಕಟ್ಟಿ, ಒದ್ದೆ ಬಟ್ಟೆಯಲ್ಲೇ ಹೋಗಿ ಚಾಪೆಯ ಮೇಲೆ ಕೂತರು.

ಇದನ್ನು ನೋಡಿದ ಪ್ರವಾಸಿಗಳಿಗೆ ಮೊದಲು ಅರ್ಥವಾಗಲಿಲ್ಲ. ಯಾರೋ ವಿವರಿಸಿ ಹೇಳಿದರು. ಅವರಲ್ಲಿ ಒಬ್ಬಳು, ಕನ್ನಡಕ ಕಳೆದುಕೊಂಡ ಹೆಂಗಸು, ಹೋಟೆಲಿನ ವ್ಯಾನು ಬಂದರೂ ಹತ್ತದೆ ಬಂದು ಚಾಪೆಯ ತುದಿಯಲ್ಲಿ ಕೂತಳು. ಮತ್ತೆ ಇಬ್ಬರು ಬಂದರು. ಸಂಜೆಗೆ ಹೋಟೆಲು ಮಾಲೀಕರೂ ಬಂದರು. ಕೂರಲಿಲ್ಲ, ಆದರೆ ನಿಂತೇ ಇದ್ದರು, ವರದಿ ಓದಿಬಿಡಿ ಎಂದು ಮಂತ್ರಿಗಳ ಮನೆಗೆ ಫೋನು ಮಾಡಿದವರೂ ಅವರೇ.

ಮುಂದಿನ ಗುರುವಾರ ಬೆಳಿಗ್ಗೆ ವಿಠೋಬರಾಯರು ಧಕ್ಕೆಗೆ ಬಂದರು, ಕಂಕುಳಲ್ಲಿ ವರದಿ. ಕುರ್ಚಿ ಇಟ್ಟಿದ್ದರು, ಕೂರಲಿಲ್ಲ. ಊರಿಗೆ ಊರೇ ನೆರೆದಿತ್ತು. ಎದುರಿಗೆ ಕಡಲಲ್ಲಿ ತಂಗಿ ಎದ್ದಿದ್ದಳು, ಅತ್ತ ನೋಡುವವರೇ ಇರಲಿಲ್ಲ. ಅವರು ಮೊದಲ ಪುಟದಿಂದ ಓದತೊಡಗಿದರು. ಅಷ್ಟೂ ಸಾಕ್ಷಿಗಳ ಮಾತು ಒಂದೊಂದಾಗಿ ಬಂತು. ತನಿಯಪ್ಪ ಮುದುಕಿಯನ್ನು ಎತ್ತಿ ಕೊಟ್ಟ ಭಾಗ ಬಂದಾಗ ಸೇಸಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ನಲವತ್ತೊಂದನೇ ಪುಟಕ್ಕೆ ಬಂದಾಗ ಮಂತ್ರಿಗಳು ಗಂಟಲು ಸರಿಮಾಡಿಕೊಂಡರು. ಅವರ ದನಿ ಎಂದಿಗಿಂತ ಗಟ್ಟಿಯಾಯಿತು. "ಕಾವಲಿನವರನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಕಾರ್ಮಿಕರ ಸಂಘದ ಪರವಾಗಿ ಕಾರ್ಯದರ್ಶಿ ಶ್ರೀಮತಿ ವಾರಿಜಾ ಇವರು ಸದಸ್ಯರ ಗಮನಕ್ಕೆ ತಾರದೆ ಸಹಿ ಮಾಡಿರುತ್ತಾರೆ." ಓದಿ ತಲೆ ಎತ್ತಿ ನಿಲ್ಲಿಸಿದರು. ಬಾಬಣ್ಣ ನೆಲ ನೋಡಿದ. ಸಾಲುವಿನ ಬಾಯಿ ತೆರೆದೇ ಇತ್ತು.

ವಾರಿಜಕ್ಕ ಎದ್ದು ಸೇಸಿಯ ಮುಂದೆ ಹೋಗಿ ನಿಂತಳು. "ಹೌದು ಸೇಸಿ. ಸಹಿ ನನ್ನದೇ."

ಸೇಸಿ ಆಕೆಯ ಬಿಳಿಚಿದ ಕೈಗಳನ್ನು ನೋಡಿದಳು. "ಇದನ್ನ ನೀವು ನಂಗೆ ಆವತ್ತೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು."

"ಹೇಳ್ಲಿಲ್ಲ."

"ಹೆದರಿಕೆ ಆಯ್ತು ಮಗಾ. ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

ಸೇಸಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದಳು, ಒಬ್ಬರು ಕೂರುವಷ್ಟು. ವಾರಿಜಕ್ಕ ಕೂತಳು. ಮಂತ್ರಿಗಳು ಪುಟ ತಿರುವಿ ಮುಂದೆ ಓದಿದರು. ಈಗ ಅವರ ದನಿ ಇಳಿದಿತ್ತು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಆಗ ಸೇಸಿ ಎದ್ದು ನಿಂತಳು. "ಸ್ವಾಮಿ, ನಿಮ್ಮ ಹೆಸರಿರುವ ಸಾಲನ್ನೂ ವಾರಿಜಕ್ಕನ ಸಾಲಿನಷ್ಟೇ ಗಟ್ಟಿಯಾಗಿ ಓದಿ."

ಅವರು ಓದಿದರು. ಅಪಾಯವಿದೆಯೆಂದು ಇಲಾಖೆಯ ಎಂಜಿನಿಯರು ಮೂರು ಸಲ ಬರೆದ ಪತ್ರಗಳನ್ನು ಮಂತ್ರಿಗಳು ಬದಿಗಿಟ್ಟಿದ್ದರೆಂದೂ, ತನಿಯಪ್ಪ ತನ್ನದೇ ತಪ್ಪಿನಿಂದ ಮುಳುಗಿದನೆಂದು ಸದನಕ್ಕೆ ಸುಳ್ಳು ಹೇಳಿಕೆ ಕೊಟ್ಟಿದ್ದರೆಂದೂ ತಮ್ಮದೇ ಬಾಯಲ್ಲಿ, ಧಕ್ಕೆಯ ತುದಿಗೂ ಕೇಳುವ ಹಾಗೆ ಓದಿದರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಠೋಬರಾಯರು ಆ ವಾರವೇ ಖಾತೆ ಬಿಟ್ಟರು. ನಾಲ್ಕು ಮೂಲೆಗೂ ಮತ್ತೆ ನಾಲ್ವರು ಬಂದರು, ಇಲಾಖೆಯ ಒಪ್ಪಂದಗಳೆಲ್ಲ ಸಂಘದ ತುಂಬಿದ ಸಭೆಯಲ್ಲೇ ಆಗಬೇಕೆಂದು ಕಾನೂನಾಯಿತು. ವಾರಿಜಕ್ಕ ಕಾರ್ಯದರ್ಶಿ ಸ್ಥಾನ ಬಿಟ್ಟಳು. ಬೇಡವೆಂದು ಬಹಳ ಮಂದಿ ಹೇಳಿದರು, ಸಾಲುವಂತೂ ಅತ್ತೇಬಿಟ್ಟ. ಆಕೆ ಒಪ್ಪಲಿಲ್ಲ. ಸೇಸಿಯನ್ನು ಆರಿಸಿದರು. ಸೇಸಿಗೆ ಓದು ಬರಹ ಅಷ್ಟಕ್ಕಷ್ಟೆ. ಈಗ ದಿನಾ ಸಂಜೆ ವಾರಿಜಕ್ಕ ಆಕೆಗೆ ಸರಕಾರದ ಕಾಗದಗಳನ್ನು ಓದುವುದು ಹೇಗೆಂದು ಕಲಿಸುತ್ತಾಳೆ. ಇಬ್ಬರ ನಡುವೆ ಹಳೆಯ ಸಲಿಗೆ ಪೂರ್ತಿ ಬಂದಿದೆಯೆಂದು ನಾನು ಹೇಳಲಾರೆ. ಅಕ್ಷರಗಳು ಮಾತ್ರ ಬರುತ್ತಿವೆ.

ಆದರೆ ಆ ಮಧ್ಯಾಹ್ನದ ಒಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅರವತ್ತನೇ ಪುಟ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ವಿಠೋಬರಾಯರ ಅಂಗಿ ಬೆನ್ನಿಗಂಟಿತ್ತು, ದನಿ ಒಡೆದು ಹೋಗಿತ್ತು. ವರದಿ ಮಡಚಿ, ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದರು. ಅವರ ಸಹಾಯಕರು ಯಾರೂ ಹತ್ತಿರ ಬರಲಿಲ್ಲ. ಸೇಸಿ ತನ್ನ ಅಂಗಡಿಗೆ ಹೋದಳು, ಒಂದು ಎಳನೀರನ್ನು ಬೆರಳಿಂದ ತಟ್ಟಿ ನೋಡಿ ಕೆತ್ತಿದಳು, ತಂದು ಅವರ ಕೈಗೆ ಕೊಟ್ಟಳು. ಹಿಂದಿನಿಂದ ಯಾರೋ, "ಇವ್ರಿಗೆಂತಕ್ಕೆ ಎಳನೀರು?" ಎಂದು ಗದರಿದರು.

ಸೇಸಿ ತಿರುಗಿ ನೋಡಿದಳು. "ಪೂರ್ತಿ ಓದಿದ್ದಾರಲ್ಲ" ಎಂದಳು.